ಎರಡನೇ ಶನಿವಾರದ ಮೈಕು

ನಾನು ಕವಿಯಲ್ಲ, ಮೊದಲೇ ಹೇಳಿಬಿಡುತ್ತೇನೆ.
ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ
ಮೈಕ್ ಸೆಟ್ಟು ಬಾಡಿಗೆಗೆ ಕೊಡುವವನು.
ನಾಮಕರಣ, ನಲ್ಲಿ ನೀರಿನ ಹೋರಾಟ, ಪುಣ್ಯತಿಥಿ,
ಎಲ್ಲಕ್ಕೂ ಇದೇ ಎರಡು ಡಬ್ಬ, ಇದೇ ಒಂದು ಕೋಲು.

ಎರಡನೇ ಶನಿವಾರ ಸಂಜೆ ಮಾತ್ರ
ಮುಚ್ಚಿಹೋದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಹಡಿ ಹತ್ತುತ್ತೇನೆ.
ಇಪ್ಪತ್ತೆರಡು ಮೆಟ್ಟಿಲು, ಹದಿನೇಳನೆಯದು ಸಡಿಲ.
ಗೋಡೆಯಲ್ಲಿ ಇನ್ನೂ ಇದೆ ಕೀಲಿಮಣೆಯ ಪಟ,
ಯಾವ ಬೆರಳಿಗೆ ಯಾವ ಅಕ್ಷರ ಎಂದು.
ಅದರ ಕೆಳಗೇ ಕೂರುತ್ತಾರೆ
ಬೆರಳು ತಪ್ಪಿದವರೆಲ್ಲ.

ಕವಿಗಳನ್ನು ನಾನು ದೂರದಿಂದಲೇ ಗುರುತಿಸಬಲ್ಲೆ,
ಅಂದರೆ ಮೈಕಿಗೂ ಬಾಯಿಗೂ ಇರುವ ದೂರದಿಂದ.
ಕಂಡಕ್ಟರ್ ಹಾಲೇಶಪ್ಪನವರಿಗೆ ಮೈಕೇ ಬೇಡ,
ಮೂವತ್ತು ವರ್ಷ ಹಿಂದಿನ ಸೀಟಿನ ತನಕ ಕೂಗಿದ ಗಂಟಲು;
ಅವರ ವಿರಹದ ಸಾಲಿಗೂ
'ಮುಂದೆ ಹೋಗಿ, ಮುಂದೆ ಹೋಗಿ' ಅನ್ನುವ ಧಾಟಿ.
ಫ್ಲೇವಿಯಾ ಟೀಚರು ಮೈಕನ್ನು ಸೆರಗಿನಿಂದ ಒರೆಸಿಯೇ ಶುರುಮಾಡುವುದು.
ಸೈಕಲ್ ಷಾಪಿನ ನೂರುಲ್ಲಾ ಸಾಬರು
ಕಣ್ಣು ಮುಚ್ಚಿ ಓದುತ್ತಾರೆ, ಕೈಯಲ್ಲಿ ಹಾಳೆ ತಲೆಕೆಳಗು.
ಪಿಯುಸಿ ಹುಡುಗ ಫೋನು ನೋಡಿ ಓದುವಾಗ
ಅವನಮ್ಮನ ಕರೆ ಬಂದು
ಕ್ರಾಂತಿ ಅರ್ಧಕ್ಕೆ ನಿಲ್ಲುತ್ತದೆ.

ಗಂಟೆ ಚೆನ್ನವೀರಪ್ಪ ಮೇಷ್ಟ್ರ ಕೈಯಲ್ಲಿ. ಮೂರು ನಿಮಿಷ.
ಶಾಲೆಯಿಂದ ತಂದ ಗಂಟೆ,
ಬಾರಿಸಿದರೆ ಎಲ್ಲರಿಗೂ ಮನೆಗೆ ಓಡಬೇಕೆನಿಸುತ್ತದೆ.
ಮಂಡಕ್ಕಿ ಬರುವುದು ಏಳಕ್ಕೆ;
ಏಳರ ನಂತರದ ಕವಿತೆಗಳಿಗೆಲ್ಲ ಈರುಳ್ಳಿಯ ವಾಸನೆ.
'ಮೈಕಿನೋರೇ, ನಿಮ್ದೂ ಒಂದಾಗ್ಲಿ' ಅನ್ನುತ್ತಾರೆ.
'ಹಲೋ, ಒನ್ ಟೂ ಥ್ರೀ' ಅನ್ನುತ್ತೇನೆ.
ಐದು ವರ್ಷದಿಂದ ಅದಕ್ಕೇ ನಗುತ್ತಿದ್ದಾರೆ, ಒಳ್ಳೆಯ ಜನ.

ಮೊನ್ನೆ ಒಬ್ಬಾಕೆ ಬಂದಿದ್ದರು.
ಪಟ್ಟಿಯಲ್ಲಿ ಕೊನೆಯ ಹೆಸರು: ಕರಿಬಸಮ್ಮ, ದೊಡ್ಡಾಸ್ಪತ್ರೆ.
ರೋಗಿಯೋ ಎಂದುಕೊಂಡೆ. ಅಲ್ಲ, ಬಟ್ಟೆ ಒಗೆಯುವ ವಿಭಾಗ.
ಮೈಕಿನಿಂದ ಒಂದು ಮಾರು ದೂರ ನಿಂತರು,
ಕುದಿಯುವ ಹಂಡೆಯ ಮುಂದೆ ನಿಂತ ಹಾಗೆ.
'ಹತ್ರ ಬನ್ನಿ' ಅಂದರೆ ಇನ್ನೊಂದು ಹೆಜ್ಜೆ ಹಿಂದೆ.
ಸರಿ, ನಾನೇ ಹತ್ತಿರ ಹೋದೆ. ಗುಂಡಿ ತಿರುಗಿಸಿದೆ:
ಆರು, ಏಳು, ಎಂಟು.

ಎಂಟಕ್ಕೆ ಮೈಕಿನ ಕಿವಿ ಪೂರ್ತಿ ತೆರೆಯುತ್ತದೆ.
ಫ್ಯಾನಿನ ನರಳಾಟ, ಯಾರದೋ ಹೊಟ್ಟೆಯ ಗುರುಗುರು,
ಕೆಳಗಿನ ಹೋಟೆಲಿನಲ್ಲಿ ಲೋಟ ತೊಳೆಯುವ ನೀರು,
ದೂರದಲ್ಲಿ 'ಆಯನೂರ್, ಆನಂದಪುರ, ಸಾಗರಾ...'
ಎಲ್ಲ ಬಂದು ಡಬ್ಬದಲ್ಲಿ ಕೂತವು.
ಅವರ ಕೈಯ ಚೀಟಿ ನಡುಗಿದ್ದು
ಇಬ್ಬರು ಜಗಳವಾಡಿದಷ್ಟು ಜೋರಾಗಿ ಕೇಳಿತು.

ಓದಿದ್ದು ಇಷ್ಟು:

'ಆಸ್ಪತ್ರೆ ಅಂಗಿಗೆ ಜೇಬಿರಲ್ಲ.
ಆದ್ರೂ ನೀರಿಗೆ ಹಾಕೋ ಮೊದ್ಲು
ಕೈ ಹಾಕಿ ನೋಡ್ತೀನಿ.'

ಆಮೇಲೆ ಏನೂ ಇಲ್ಲ. ಇಳಿಯಲೂ ಇಲ್ಲ.
ಮುಗಿಯಿತೆ, ಮರೆತರೆ, ತಿಳಿಯಲಿಲ್ಲ.
ಚಪ್ಪಾಳೆಗೆ ಎದ್ದ ಕೈಗಳು ಮಂಡಕ್ಕಿಯ ಮೇಲೇ ತಡೆದವು.
ಗಂಟೆಯ ನಾಲಗೆಯನ್ನು ಮೇಷ್ಟ್ರು
ಬೆರಳಲ್ಲಿ ಹಿಡಿದುಕೊಂಡರು.
ನಾನು ತಗ್ಗಿಸಬೇಕಿತ್ತು.
ನಮ್ಮ ಕಸುಬಿನ ಪಾಠವೇ ಅದು: ಮಾತಿಲ್ಲದಾಗ ಸೊನ್ನೆಗೆ ತರಬೇಕು.
ತಗ್ಗಿಸಲಿಲ್ಲ.
ಅವರ ಉಸಿರು ಕಿಟಕಿ ದಾಟಿ
ಎದುರಿನ ಬಳೆ ಅಂಗಡಿಯ ತನಕ ಹೋಯಿತು;
ಅಲ್ಲಿ ಚೌಕಾಸಿ ಮಾಡುತ್ತಿದ್ದ ಹೆಂಗಸೊಬ್ಬರು
ತಲೆಯೆತ್ತಿ ನೋಡಿದರು.

'ಇಷ್ಟೇ' ಅಂದರು ಕೊನೆಗೆ,
ಚಿಲ್ಲರೆ ಸಾಲದೆ ಬಂದವರ ಹಾಗೆ.

ಮೇಷ್ಟ್ರು ಇನ್ನೂರು ಕೊಟ್ಟರು, ಉಳಿದ ಐವತ್ತು ಮುಂದಿನ ಸಲ.
ಮಿಕ್ಕ ಮಂಡಕ್ಕಿಯನ್ನು ಪೇಪರಿನಲ್ಲಿ ಕಟ್ಟಿಕೊಟ್ಟರು.
ಮೊಣಕೈಗೆ ವೈರು ಸುತ್ತುತ್ತಾ ನೆನೆದೆ:
ನಾಳೆ ಹೊಳೆಹೊನ್ನೂರಿನಲ್ಲಿ ನಿಶ್ಚಿತಾರ್ಥ,
ನಾಡಿದ್ದು ಯಾರದೋ ಸೊಸೈಟಿ ಚುನಾವಣೆ.
ಊದಿ ಊದಿ ಇದಕ್ಕೆ ಮತ್ತೆ
ಹಳೇ ರುಚಿ ಹತ್ತಿಸಬೇಕು.

ಪೆಟ್ಟಿಗೆ ಮುಚ್ಚಿದವನು
ಯಾಕೋ ಇನ್ನೊಮ್ಮೆ ತೆರೆದು ಕೈ ಹಾಕಿದೆ.

ಇಳಿಯುವಾಗ
ಸಡಿಲ ಮೆಟ್ಟಿಲು ಮರೆತೇಹೋಗಿತ್ತು.