ಹನ್ನೊಂದು ಸೆಕೆಂಡು

ಗ್ಯುಮ್ರಿಯಲ್ಲಿ ಮಾರ್ಚಿಗೂ ಹಿಮ ಬಿಡುವುದಿಲ್ಲ.
ನನ್ನ ಅಂಗಡಿ ಬಾಗಿಲು ಒದ್ದರೇ ತೆರೆಯುವುದು.
ಒದ್ದು ಬಂದ ಹಮಾಯಕ್, ಕೋಟಿನ ಒಳಜೇಬಿನಿಂದ
ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡ ಕ್ಯಾಸೆಟ್ಟು ತೆಗೆದು
ಮೇಜಿನ ಮೇಲಿಟ್ಟ:
"ಅಮ್ಮನದೊಂದು ಫೋಟೋ ಬೇಕು. ಕಲ್ಲಿಗೆ."

ಇಲ್ಲಿ ಗೋರಿಯ ಕಲ್ಲಿನಲ್ಲಿ ಮುಖ ಮೂಡಿಸುತ್ತಾರೆ,
ಕಪ್ಪು ಬಸಾಲ್ಟಿನ ಮೇಲೆ, ಮೊಳೆಯ ತುದಿಯಿಂದ, ಚುಕ್ಕಿ ಚುಕ್ಕಿಯಾಗಿ.
ಕುಟ್ಟುವ ಅರ್ಶಾವಿರ್ ಖಡಾಖಂಡಿತದ ಮನುಷ್ಯ:
ಮಸುಕು ತಂದರೆ ಮಸುಕನ್ನೇ ಕುಟ್ಟುತ್ತೇನೆ, ಅನ್ನುತ್ತಾನೆ.

"ಬೇರೆ ಫೋಟೋ ಒಂದೂ ಇಲ್ಲವೇ?"
"ಆಲ್ಬಮ್ಮು ಭೂಕಂಪದಲ್ಲಿ ಹೋಯಿತು.
ಪಾಸ್‌ಪೋರ್ಟಿನದೊಂದು ಇದೆ.
ಅದರಲ್ಲಿ ಅಮ್ಮ ಯಾರ ಮೇಲೋ ಸಿಟ್ಟಾಗಿದ್ದಾಳೆ."

ಕ್ಯಾಸೆಟ್ಟಿನ ಮೇಲಿನ ಕೈಬರಹ ನನ್ನದು.
ಇಪ್ಪತ್ತೊಂದು ವರ್ಷದ ಹಿಂದೆ ಅವನ ಮದುವೆಗೆ
ಸಾಲದ ಕ್ಯಾಮ್‌ಕಾರ್ಡರು ಹಿಡಿದು ಹೋಗಿದ್ದವನು ನಾನೇ.

ಟೇಪು ಕೆಮ್ಮಿ, ತಿರುಗಿತು.
ಕೋಚಾರಿ ಕುಣಿತ, ಭುಜಕ್ಕೆ ಭುಜ ತಾಗಿಸಿ ಇಡೀ ಊರು.
ಎಲ್ಲಿ ನಿಲ್ಲಿಸಿದರೂ ಕೈಗಳ ಅಂಚಿಗೆ
ಬಾಚಣಿಗೆಯ ಹಲ್ಲು.
"ಇದೇನಿದು?" ಅಂದ.
ಹೇಳಿದೆ: ವಿಡಿಯೋದ ಒಂದು ಚಿತ್ರ ಒಂದಲ್ಲ ಮಾರಾಯ,
ಎರಡು ಅರ್ಧ. ಸಮಗೆರೆಗಳು ಮೊದಲು,
ಬೆಸಗೆರೆಗಳು ಆಮೇಲೆ. ನಡುವೆ
ಸೆಕೆಂಡಿನ ಐವತ್ತರಲ್ಲೊಂದು ಪಾಲು.
ಅಷ್ಟರಲ್ಲಿ ಕುಣಿಯುವ ಕೈ ಎಲ್ಲಿಗೋ ಹೋಗಿರುತ್ತದೆ.
ಬೇಕಿದ್ದರೆ ಒಂದರ್ಧ ಬಿಸಾಡಬಹುದು,
ಖಾಲಿ ಗೆರೆಗಳನ್ನು ಕಂಪ್ಯೂಟರು ಊಹಿಸಿ ತುಂಬುತ್ತದೆ.
ಚಿತ್ರ ಬರುತ್ತದೆ. ಆದರೆ ಅರ್ಧ ಊಹೆ.

ಅಷ್ಟು ಹೊತ್ತಿಗೆ ಬಂದಳು ವರ್ದುಶ್.

ನೀಲಿ ಕಾರ್ಡಿಗನ್. ಕೈಯಲ್ಲಿ ಲವಾಷಿನ ತಟ್ಟೆ.
ಕ್ಯಾಮೆರಾ ಸ್ಟ್ಯಾಂಡಿನ ಮೇಲಿದೆ (ನಾನು ಹಿಂದೆ ನಿಂತು
ಸುಟ್ಟ ಮಾಂಸ ತಿನ್ನುತ್ತಿದ್ದೆನೆಂದು ಕಾಣುತ್ತದೆ,
ಅಗಿಯುವ ಸದ್ದೂ ದಾಖಲಾಗಿದೆ).
ಗಾಜಿನ ಕಣ್ಣು ಕಂಡದ್ದೇ ತಟ್ಟೆ ಕೆಳಗಿಟ್ಟಳು,
ಕಾರ್ಡಿಗನ್ನಿನ ಗುಂಡಿ ಹಾಕಿದಳು,
ತುಟಿ ಬಿಗಿದು, ಗದ್ದ ಎತ್ತಿ
ನೆಟ್ಟ ಗೂಟದ ಹಾಗೆ ನಿಂತಳು.
ಫೋಟೋ ಅಂದುಕೊಂಡಿದ್ದಳು.

ಹನ್ನೊಂದು ಸೆಕೆಂಡು. ಇನ್ನೂರೆಪ್ಪತ್ತೈದು ಚಿತ್ರ.
ಒಂದರಲ್ಲೂ ಬಾಚಣಿಗೆ ಹಲ್ಲಿಲ್ಲ.
ಎಲ್ಲವನ್ನೂ ಲವಾಷಿನ ಹಾಗೆ ಒಂದರ ಮೇಲೊಂದು ಪೇರಿಸಿ
ಸರಾಸರಿ ತೆಗೆದೆ. ಟೇಪಿನ ಮರಳು ಇಳಿಯುತ್ತ ಹೋಗಿ
ರೆಪ್ಪೆ ಬಂತು, ಹುಬ್ಬಿನ ಗಾಯದ ಗೆರೆ ಬಂತು,
ಇಷ್ಟು ವರ್ಷದಲ್ಲಿ ನಾನು ತೆಗೆದ ಚಿತ್ರಗಳಲ್ಲೇ
ಒಳ್ಳೆಯದು ಬಂತು.

ಹಮಾಯಕ್ ಬಹಳ ಹೊತ್ತು ನೋಡಿದ.
"ಈಗಾಗಲೇ ಕಲ್ಲಾಗಿದ್ದಾಳೆ," ಅಂದ.
"ಮುಂದಕ್ಕೆ ಬಿಡು."

ಬಿಟ್ಟೆ. ಪರದೆಯಾಚೆಯಿಂದ ನನ್ನದೇ ಎಳೆಯ ದನಿ, ಬಾಯ್ತುಂಬ ಮಾಂಸ:
"ಅಲುಗಿ ಅಮ್ಮಾ, ಅಲುಗಿ, ಇದು ವಿಡಿಯೋ!"
ಆಕೆ ನಕ್ಕಳು. ಹಲ್ಲು ಹೋದ ಜಾಗ ಮುಚ್ಚಲು
ಕೈ ಮೇಲೆ ಬಂತು. ಬಾಯಿ, ಬೆರಳು, ಕಣ್ಣ ಮೂಲೆ
ಎಲ್ಲ ಬಾಚಣಿಗೆ.

"ಇದು."
"ಅರ್ಶಾವಿರ್ ಒಪ್ಪುವುದಿಲ್ಲ."
"ಇದು."
"ಅರ್ಧ ಊಹೆ ಅಂತ ಹೇಳಿದೆನಲ್ಲ."
"ಯಾವ ಅರ್ಧ?"

ನನಗೆ ಉತ್ತರ ಹೊಳೆಯಲಿಲ್ಲ. ಎರಡನ್ನೂ ಪ್ರಿಂಟ್ ಹಾಕಿದೆ.
ಕಲ್ಲಿನದನ್ನು ಲಕೋಟೆಯಲ್ಲಿ ಹಾಕಿಸಿಕೊಂಡ.
ಮತ್ತೊಂದು, ಕ್ಯಾಸೆಟ್ಟು ಇದ್ದ ಒಳಜೇಬಿಗೆ ಹೋಯಿತು.
ದುಡ್ಡು ಒಂದಕ್ಕೇ ಹಿಡಿದೆ.

ಅವನು ಹೋದ ಮೇಲೆ ಬಾಗಿಲು ಸರಿಯಾಗಿ ಹಾಕಿಕೊಳ್ಳಲಿಲ್ಲ.
ಸಂದಿಯಲ್ಲಿ ಗಾಳಿ. ನಿಲ್ಲಿಸಲು ಮರೆತ ಟೇಪಿನಲ್ಲಿ
ವರ್ದುಶ್ ಲವಾಷಿನ ತಟ್ಟೆ ಎತ್ತಿಕೊಳ್ಳುತ್ತ
ನನ್ನನ್ನೇ ಬೈಯುತ್ತಿದ್ದಾಳೆ:
"ಮೊದಲೇ ಹೇಳಬಾರದೇನೋ ಮಗಾ,
ಇಷ್ಟು ಹೊತ್ತು ಉಸಿರು ಹಿಡಿದಿದ್ದೆ."