ಎರಡನೆಯ ಕೀಲಿ

ಸೂ ಫಾಲ್ಸ್‌ನಲ್ಲಿ ಆರನೇ ಮಹಡಿ. ನನ್ನ ಕೆಲಸ,
ಹೊರಟವರನ್ನು ಮಾತಿನಲ್ಲೇ ಹಿಡಿದು ಕೂರಿಸುವುದು.
ಹತ್ತೂಕಾಲಿಗೆ, ಡುಲೂತ್‌ನಿಂದ ಐಲಿ ಕೊಸ್ಕೆಲಾ:
'ಈ ಕಾರ್ಡು ಮುಚ್ಚಿಬಿಡು, ಮಗೂ.'

ಬಾಕಿ ಸೊನ್ನೆ. ಖಾತೆ ತೆರೆದದ್ದು ಎಪ್ಪತ್ತಾರರಲ್ಲಿ,
ನಾನು ಹುಟ್ಟುವುದಕ್ಕೆ ಹದಿನೆಂಟು ವರ್ಷ ಮುಂಚೆ.
ಬರೆದುಕೊಟ್ಟದ್ದನ್ನು ಓದಿದೆ:
'ಹಳೆಯ ಖಾತೆ ಮುಚ್ಚಿದರೆ ನಿಮ್ಮ ಅಂಕ ಇಳಿಯುತ್ತದೆ, ಮೇಡಂ.'
'ಎಂಬತ್ತೊಂದು ನನಗೆ. ಇನ್ನು ಯಾವ ಪರೀಕ್ಷೆ?'

ನಗು ಬಂತು. ಕರೆ ರೆಕಾರ್ಡಾಗುತ್ತಿತ್ತು, ನುಂಗಿದೆ.

ಇನ್ನು ವರ್ಷಕ್ಕೆ ತೊಂಬತ್ತೈದು ಡಾಲರ್ ಶುಲ್ಕ:
ದಾರದುಂಡೆ, ಸತ್ತ ಬ್ಯಾಟರಿಗಳ ನಡುವೆ
ಡ್ರಾಯರಿನಲ್ಲಿ ಮಲಗಿದ್ದಕ್ಕೆ ಬಾಡಿಗೆ.
ಒಂದು ವರ್ಷದ್ದು ಮನ್ನಾ ಮಾಡಬಲ್ಲೆ,
ಅಷ್ಟು ಅಧಿಕಾರ ನನಗುಂಟು.
ಬಾಯಿ ತೆರೆಯುವ ಮೊದಲೇ ಅವಳು:

'ಗಂಡನ ಸಹಿ ಕೇಳದೆ
ನನ್ನ ಹೆಸರು ಹೊತ್ತು ಮನೆಗೆ ಬಂದ ಮೊದಲ ವಸ್ತು ಇದು.
ಇದರಲ್ಲಿ ಮೊದಲು ಕೊಂಡದ್ದು ಬಾಗಿಲಿಗೊಂದು ಬೀಗ.
ಎರಡು ಕೀಲಿ ಕೊಟ್ಟರು.
ಎರಡನೆಯದು ಯಾರಿಗೂ ಕೊಡಲಿಲ್ಲ.'

ಪರದೆಯ ಮೇಲೆ ಎರಡು ಗುಂಡಿ: ಮುಚ್ಚು, ಉಳಿಸು.
ಕರೆ ಏಳು ನಿಮಿಷ ದಾಟಿದರೆ
ಮೇಲ್ವಿಚಾರಕನ ಪಟ್ಟಿಯಲ್ಲಿ ನನ್ನ ಸಾಲು ಕೆಂಪಾಗುತ್ತದೆ.
ಆಗಲಿ.

'ಕೇಳಿಸಿತಾ?' ಅಂದಳು.
ಕತ್ತರಿ. ಗಟ್ಟಿ ಪ್ಲಾಸ್ಟಿಕ್ಕು,
ಎರಡು ಸಲ ಹಿಸುಕಬೇಕಾಯಿತು.
'ಕಾರ್ಡು ಹೋಯಿತು. ಖಾತೆ ಮಾತ್ರ... ತಡಿ.
ನನ್ನ ಹೆಸರು ಇನ್ನೂ ಅಲ್ಲಿ ಇದೆಯಲ್ಲ?'

ಇದೆ, ಎಂದೆ.
ಒಂದೊಂದೇ ಅಕ್ಷರ ಬಿಡಿಸಿ ಓದಿದೆ.