ಮುಹರ್ರಕ್‌ನ ಒಂದು ಗೋಡೆ

ನಮ್ಮ ಇಸ್ತ್ರಿ ಅಂಗಡಿಯ ಎದುರಿನ ಗೋಡೆಯಲ್ಲಿ
ಮೊದಲು ಚಿತ್ರವಿರಲಿಲ್ಲ, ಚೀಟಿಗಳಿದ್ದವು:
ಒಂದು ಮಂಚ ಖಾಲಿ. ಮೇಲಿನದು. ಮೀನು ಬೇಯಿಸಬಾರದು.
ಬಾಲ ಬಾಲವಾಗಿ ಕತ್ತರಿಸಿದ ಫೋನ್ ನಂಬರು,
ಗಾಳಿ ಬಂದರೆ ಗೋಡೆಗೆ ಪುಕ್ಕ ಮೂಡುತ್ತಿತ್ತು.

ಬಲದಿಯಾದವರು ಬಂದು ಕೆರೆದು ತೆಗೆದರು.
ನೂಫ್ ಎಂಬ ಹುಡುಗಿ ಕ್ರೇನಿನ ತೊಟ್ಟಿಲಲ್ಲಿ ನಿಂತು
ಹನ್ನೊಂದು ದಿನ ಬರೆದಳು:
ಮುತ್ತಿಗೆ ಮುಳುಗುವವನು. ಅವಳ ಮುತ್ತಜ್ಜನಂತೆ.
ಮೂಗಿಗೆ ಎಲುಬಿನ ಚಿಮಟ, ಮೂರು ಮಹಡಿ ಮುಖ.
ಕಣ್ಣಿಗೆ ಬಣ್ಣ ಸಾಲದೆ
ನಮ್ಮಲ್ಲಿ ಬಟ್ಟೆಯ ನೀಲಿ ಒಂದು ಚಮಚ
ಕಡ ಒಯ್ದಳು, ಕೊಟ್ಟಿಲ್ಲ.

ಈಗ ಲಿಗೋರಿ ಗಿರಾಕಿಗೆ ದಾರಿ ಹೇಳುವುದು
"ಉಸಿರು ಕಟ್ಟಿದವನ ಎದುರು" ಅಂತ.
ಅವನೇ ಒಮ್ಮೆ ಅವಳನ್ನು ಕೇಳಿದ್ದ,
ಕೈಯಲ್ಲಿ ಯಾರದೋ ಬಿಳಿ ಅಂಗಿ, ತೋಳು ಇನ್ನೂ ಬಿಸಿ:
"ಇವನ ಹಗ್ಗ ಹಿಡಿದವನೊಬ್ಬ
ದೋಣಿಯಲ್ಲಿ ಇರಬೇಕಲ್ಲ, ಎಲ್ಲಿ?"
ಅವಳು ಮೇಲೆ ನೋಡಿ, "ಗೋಡೆ ಮುಗಿಯಿತಲ್ಲ" ಎಂದಳು.

ಸಂಜೆ ಪಟ ತೆಗೆಯುವವರು ಬರುತ್ತಾರೆ,
ಅಷ್ಟು ದೊಡ್ಡ ಮುಖ ಹಿಡಿಸಲು
ಹಿಂದೆ ಹಿಂದೆ ಸರಿದು ನಮ್ಮ ಮೆಟ್ಟಿಲು ಹತ್ತುತ್ತಾರೆ.

ನಿನ್ನೆ ಷಟರ್ ಎಳೆದು ಹತ್ತಿರ ಹೋದೆ.
ಗಡ್ಡದ ಎರಡು ಎಳೆಗಳ ನಡುವೆ, ಕೈಗೆಟಕುವಲ್ಲಿ
ಯಾರೋ ಪೆನ್ಸಿಲಿನಲ್ಲಿ, ಬಣ್ಣಕ್ಕೆ ನೋವಾಗದಷ್ಟು ಸಣ್ಣಗೆ:

ಒಂದು ಮಂಚ ಖಾಲಿ. ಕೆಳಗಿನದು.
ಮೀನಿಗೆ ಅಡ್ಡಿಯಿಲ್ಲ.